ಮೆಟ್ಟಿಲ ಕೆಳಗಿನ ಚುಕ್ಕೆ

ಆತನ ನಡಿಗೆಯಲ್ಲೇ ಒಂದು ವೈಚಿತ್ರ್ಯವಿತ್ತು. ಸ್ವಲ್ಪ ದೂರ ಮುಂದೆ ನಡೆದು, ಥಟ್ಟನೆ ನಿಂತು, ಕತ್ತನ್ನಷ್ಟೇ ಅಲ್ಲ ಇಡೀ ಮೈಯನ್ನೇ ಹಿಂದಕ್ಕೆ ತಿರುಗಿಸಿ, ಬಂದ ದಾರಿಯನ್ನು ಕಣ್ತುಂಬ ನೋಡಿ, ಏನನ್ನೋ ಮನಸ್ಸಿನಲ್ಲಿ ಗಂಟು ಹಾಕಿಕೊಂಡವನಂತೆ ತಲೆಯಾಡಿಸಿ, ಮತ್ತೆ ಮುಂದಕ್ಕೆ ಹೊರಡುತ್ತಿದ್ದ. ಮಾರುಕಟ್ಟೆಯ ಉದ್ದನೆಯ ಓಣಿಯಲ್ಲಿ ಆತ ಹೀಗೆ ಬರುವುದನ್ನು ಗುಂಡಿಯಮ್ಮ ಮೊದಲ ಸಲ ಕಂಡ ದಿನ, ಈತನ ಹಿಂದೆ ಯಾರೋ ನಿಧಾನವಾಗಿ ಬರುತ್ತಿದ್ದಾರೆ, ಹೆಂಡತಿಯೋ ವಯಸ್ಸಾದ ತಾಯಿಯೋ, ಅವರು ಜನಸಂದಣಿಯಲ್ಲಿ ತಪ್ಪಿಹೋಗದಿರಲೆಂದು ನಿಂತು ನಿಂತು ನೋಡಿಕೊಳ್ಳುತ್ತಿದ್ದಾನೆ ಎಂದೇ ಆಕೆ ಅಂದುಕೊಂಡಳು. ಆ ಹಿಂದಿನವರು ಈಗ ಬಂದಾರು, ಆಗ ಬಂದಾರು ಎಂದು ಸೂಜಿಗೆ ದಾರ ಪೋಣಿಸುವುದನ್ನೂ ಬಿಟ್ಟು ಕಾದಳು. ಓಣಿಯ ಕೊನೆಯವರೆಗೆ ಕಣ್ಣು ಹಾಯಿಸಿದಳು. ಯಾರೂ ಬರಲಿಲ್ಲ. ಆತನೊಬ್ಬನೇ ಬಂದು ಆಕೆಯ ಎದುರಿಗೆ ನಿಂತ, ನಿಂತು ಮತ್ತೊಮ್ಮೆ ಹಿಂದಕ್ಕೆ ತಿರುಗಿದ.

"ಯಾರಿಗಪ್ಪಾ ಕಾಯ್ತಿದ್ದೀರಿ?" ಎಂದು ಆಕೆ ಕೇಳಿಯೇಬಿಟ್ಟಳು.

"ಯಾರಿಗೂ ಇಲ್ಲಮ್ಮಾ. ವಾಪಸ್ ಹೋಗೋವಾಗ ದಾರಿ ಬೇರೆ ಥರ ಕಾಣುತ್ತೆ. ಅದನ್ನ ನೋಡ್ಕೊಳ್ತಿದ್ದೆ."

ಹೀಗೆಂದವನು, ಅಂಗಡಿಗೆ ಬಾಗಿಲು ಎಲ್ಲಿದೆ ಎಂದು ವಿಚಾರಿಸಿದ. ಬಾಗಿಲಿದ್ದಿದ್ದರೆ ಅದನ್ನು ಹಾಕಿಕೊಂಡು ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದೆ, ಇಲ್ಲಿರುವುದು ಒಂದು ಪರದೆ ಮಾತ್ರ ಎಂದು ಗುಂಡಿಯಮ್ಮ ಹೇಳಿದಳು. ಆತ ನಗಲಿಲ್ಲ. ಪರದೆ ಕಟ್ಟಿದ್ದ ಕಂಬದ ಮೇಲೆ ಅಂಗೈ ಇಟ್ಟ. ಆಮೇಲೆ ಬಗ್ಗಿ, ಆಕೆ ಸಾಮಾನು ಹರಡಿಕೊಂಡಿದ್ದ ಹಲಗೆಯ ಅಂಚಿನ ಮೇಲೂ ಇಟ್ಟ. ಎದುರು ಸಾಲಿನ ಅಂಗಡಿಗಳ ಬಾಗಿಲುಗಳನ್ನು ಆತ ಮುಟ್ಟಿ ಬಂದದ್ದನ್ನು ಆಕೆ ನೋಡಿದ್ದಳು. ಅಲ್ಲೆಲ್ಲ ಬಿಸಿ ಪಾತ್ರೆ ಮುಟ್ಟಿದಂತೆ ಮುಟ್ಟಿ ಕೈ ತೆಗೆದಿದ್ದ. ಇಲ್ಲಿ ಮಾತ್ರ ಆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಪಾಪ, ಬಿಸಿಲಿನಲ್ಲಿ ಸುತ್ತಿ ದಣಿದಿರಬೇಕು ಎಂದುಕೊಂಡು ಆಕೆ ನೀರಿನ ತಂಬಿಗೆಯನ್ನು ಮುಂದಕ್ಕೆ ಸರಿಸಿದಳು.

ಗುಂಡಿಯಮ್ಮನ ಅಂಗಡಿ ಎನ್ನುವುದು ಮಾರುಕಟ್ಟೆಯ ಎರಡು ಅಂತಸ್ತುಗಳನ್ನು ಕೂಡಿಸುವ ದೊಡ್ಡ ಮೆಟ್ಟಿಲುಗಳ ಕೆಳಗಿನ ಮುಕ್ಕೋಣದ ಜಾಗ. ಒಳಗಿನ ಮೂಲೆಯಲ್ಲಿ ಸೂರು ತಲೆಗೆ ತಾಗುವಷ್ಟು ತಗ್ಗು. ಅಲ್ಲಿ ದಾರದುಂಡೆಗಳ ಡಬ್ಬಿಗಳು. ಹೊರಗಿನ ಕಡೆ ಒಬ್ಬರು ಬೆನ್ನು ನೆಟ್ಟಗೆ ಮಾಡಿ ಕೂರಬಹುದು; ಅಲ್ಲಿ ಆಕೆ. ಉದುರಿದ ಗುಂಡಿ, ಕಿತ್ತ ಜಿಪ್ಪು, ಬಿಟ್ಟ ಹೊಲಿಗೆ, ಸಡಿಲಾದ ಎಲಾಸ್ಟಿಕ್ಕು, ಇವೇ ಆಕೆಯ ಕಸುಬು. ಗಂಡ ದರ್ಜಿಯಾಗಿದ್ದವನು, ಮನೆಯಲ್ಲೇ ಹೊಲಿಯುತ್ತಿದ್ದ; ಆತ ತೀರಿಕೊಂಡ ಮೇಲೆ ಆಕೆ ಗುಂಡಿಯ ಪೆಟ್ಟಿಗೆಯೊಂದನ್ನೇ ಎತ್ತಿಕೊಂಡು ಇಲ್ಲಿಗೆ ಬಂದಿದ್ದಳು. ಆಗ ಈ ಜಾಗ ಖಾಲಿ ಬಿದ್ದಿತ್ತು, ಹಲಗೆಯೊಂದು ಮಾತ್ರ ಮೊದಲೇ ಇತ್ತು. ಅದರ ಮೇಲೆ ಅಲ್ಲಲ್ಲಿ ಹಳದಿಗಟ್ಟಿದ ಗಟ್ಟಿ ಹನಿಗಳು, ಎಷ್ಟು ಉಜ್ಜಿದರೂ ಹೋಗದವು. ಜೊತೆಗೆ ಚೂರಿಯಿಂದ ಎಳೆದಂಥ ನೇರವಾದ ಗೀರುಗಳು. ಹನಿಗಳನ್ನು ಕೆರೆದು ಕೆರೆದು ಆಕೆ ಕೈಬಿಟ್ಟಳು. ಗೀರುಗಳನ್ನು ಉಪಯೋಗಕ್ಕೆ ಹಚ್ಚಿಕೊಂಡಳು: ಎಲಾಸ್ಟಿಕ್ಕನ್ನು ಅವುಗಳ ಗುಂಟ ಮಲಗಿಸಿ ಅಳೆದರೆ ಕತ್ತರಿ ಸೊಟ್ಟ ಹೋಗುತ್ತಿರಲಿಲ್ಲ. ಮಾರುಕಟ್ಟೆಗೆ ಬಂದವರೆಲ್ಲ ಆಕೆಯ ತಲೆಯ ಮೇಲೇ ಹತ್ತಿ ಇಳಿಯುತ್ತಿದ್ದರು. ಹೆಜ್ಜೆಯ ಸದ್ದಿನಿಂದಲೇ ಇವರು ಯಾರು, ಇವತ್ತು ಸಿಟ್ಟಿನಲ್ಲಿದ್ದಾರೋ ಸಮಾಧಾನದಲ್ಲಿದ್ದಾರೋ ಎಂದು ಆಕೆಗೆ ತಿಳಿಯುತ್ತಿತ್ತು.

ಮೇಲಂತಸ್ತಿನಲ್ಲಿ ದರ್ಜಿಗಳಿದ್ದಷ್ಟು ಕಾಲ ಆಕೆಗೆ ಕೆಲಸಕ್ಕೆ ಬರವಿರಲಿಲ್ಲ. ಅವರೇ ಗಿರಾಕಿಗಳನ್ನು ಕೆಳಗೆ ಕಳಿಸುತ್ತಿದ್ದರು. ದರ್ಜಿಗಳು ಒಬ್ಬೊಬ್ಬರಾಗಿ ಅಂಗಡಿ ಎತ್ತಿದರು, ಸಿದ್ಧ ಉಡುಪಿನವರು ಬಂದರು. ಹೊಸ ಗಿರಾಕಿಗಳು ಬಾಯಿಯಲ್ಲಿ ದಾರಿ ಕೇಳುವವರಲ್ಲ, ಕೈಯಲ್ಲಿ ಫೋನು ಹಿಡಿದು ಅದು ಹೇಳಿದಲ್ಲಿಗೆ ನಡೆಯುವವರು. ಆ ಫೋನಿನ ನಕ್ಷೆಯಲ್ಲಿ ಇಡೀ ಮಾರುಕಟ್ಟೆಗೆ ಒಂದೇ ಗುರುತು, ಅದೂ ಕಟ್ಟಡದ ನಟ್ಟನಡುವೆ. ಕಟ್ಟಡದ ನಟ್ಟನಡುವೆ ಇರುವುದು ನೀರಿನ ಟ್ಯಾಂಕು. ಜನ ಟ್ಯಾಂಕಿನ ಬುಡದಲ್ಲಿ ನಿಂತು ಆಕೆಗೆ ಫೋನು ಮಾಡುವರು, ಆಕೆ ಎಡಕ್ಕೆ ಬನ್ನಿ, ಬಲಕ್ಕೆ ಬನ್ನಿ ಎನ್ನುವಳು, ಅವರು ಸಾಕಾಗಿ ಜೋತುಬಿದ್ದ ಗುಂಡಿಯೊಂದಿಗೇ ಮನೆಗೆ ಹೋಗುವರು. ಆ ಮಾರುಕಟ್ಟೆಯಲ್ಲಿ ಒಂದು ಪದ್ಧತಿಯಿತ್ತು: ವರ್ಷದ ಕೊನೆಯ ಸಭೆಯಲ್ಲಿ, ವ್ಯಾಪಾರವಿಲ್ಲದೆ ಸುಮ್ಮನಿರುವ ಜಾಗವನ್ನು ಪಕ್ಕದ ಅಂಗಡಿಗೆ ಸೇರಿಸಿಬಿಡುತ್ತಿದ್ದರು. ಗುಂಡಿಯಮ್ಮನ ಪಕ್ಕದವನು ಚೀಲದಂಗಡಿಯವನು. ಅವನ ಚೀಲದ ಗಂಟುಗಳು ದಿನಕ್ಕಿಷ್ಟಿಷ್ಟು ಆಕೆಯ ಕಂಬದ ಕಡೆ ಸರಿಯತೊಡಗಿದ್ದವು. "ನಿಮಗೂ ವಯಸ್ಸಾಯ್ತಲ್ಲಮ್ಮಾ, ಮನೇಲಿ ಆರಾಮಾಗಿರಬಾರ್ದಾ?" ಎಂದು ಆತ ಬಹಳ ಅಕ್ಕರೆಯಿಂದ ಕೇಳುತ್ತಿದ್ದ. ಮನೆಯಲ್ಲಿ ಕಿವಿ ಮಂದವಾದ ನಾದಿನಿಯೊಬ್ಬಳನ್ನು ಬಿಟ್ಟರೆ ಆಕೆಗೆ ಮಾತಿಗೆ ಸಿಕ್ಕುವುದು ಗೋಡೆ ಮಾತ್ರ ಎಂಬುದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಗಂಟುಗಳು ಸರಿಯುತ್ತಲೇ ಇರುತ್ತಿದ್ದವು.

ಹೀಗಿರುವಾಗ ಮಾರುಕಟ್ಟೆಯ ಸಂಘದವರು ತಮ್ಮದೇ ವೆಬ್‌ಸೈಟು ಮಾಡಿಸಿ, ಅದರಲ್ಲಿ ಎಲ್ಲ ಅಂಗಡಿಗಳನ್ನೂ ತೋರಿಸುವ ನಕ್ಷೆಯೊಂದನ್ನು ಹಾಕಬೇಕೆಂದು ನಿಶ್ಚಯಿಸಿ ಕರೆಸಿದ ಮನುಷ್ಯನೇ ಈತ. ಭೂಪಟ ಎಂಬ ಅಡ್ಡಹೆಸರು ಇಟ್ಟವನು ಚೀಲದಂಗಡಿಯವನು; ಒಂದು ವಾರದಲ್ಲಿ ಅದು ಆತನ ನಿಜವಾದ ಹೆಸರನ್ನು ನುಂಗಿ ನೀರು ಕುಡಿಯಿತು.

ಭೂಪಟನ ಮೈಮೇಲೆ ಸದಾ ಒಂದು ಮಾಸಲು ಕಂದು ಕೋಟು. ಸೆಕೆಯಿರಲಿ, ಛಳಿಯಿರಲಿ, ಅದನ್ನು ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಅದರ ಜೇಬುಗಳಲ್ಲಿ ಅಳತೆಯ ಪಟ್ಟಿ, ಸೀಮೆಸುಣ್ಣ, ಪುಟ್ಟ ಟಾರ್ಚು, ನಾಲ್ಕು ಮಡಿಕೆಯ ಕಾಗದಗಳು, ದಾರಿಯ ನೆಲೆ ಹೇಳುವ ಕೈಯಗಲದ ಯಂತ್ರ, ಎಲ್ಲವೂ ಸೇರಿ ಆತ ಎರಡೂ ಕಡೆ ಉಬ್ಬಿಕೊಂಡಿರುತ್ತಿದ್ದ. ಎದೆಯ ನಡುವಿನ ಗುಂಡಿ ಮಾತ್ರ ಇರಲಿಲ್ಲ. ಅದಿದ್ದ ಜಾಗದಲ್ಲಿ ದಾರದ ತುಣುಕೊಂದು ಜೋತಾಡುತ್ತಿತ್ತು. ಮನುಷ್ಯರ ಮುಖಕ್ಕಿಂತ ಮೊದಲು ಗುಂಡಿಗಳನ್ನು ನೋಡುವ ಗುಂಡಿಯಮ್ಮನಿಗೆ ಆ ದಾರ ಕಣ್ಣಿಗೆ ಬಿದ್ದ ಧೂಳಿನಂತೆ ಕಿರಿಕಿರಿ ಮಾಡಿತು. ಒಂದು ನಿಮಿಷದ ಕೆಲಸ, ಕೊಡಿ ಎಂದಳು. ಆತ ಕೊಡಲಿಲ್ಲ. ಬಿದ್ದ ಗುಂಡಿ ಎಲ್ಲೋ ಇದೆ, ತಾನು ಓಡಾಡಿದ ದಾರಿಯಲ್ಲೇ ಇರಬೇಕು, ಸಿಕ್ಕೇ ಸಿಗುತ್ತದೆ ಎಂಬುದು ಆತನ ಹಟ.

"ಊರಿನ ಬಾಗಿಲೆಲ್ಲ ಗುರುತು ಹಾಕ್ತೀರಿ, ಎದೆ ಮೇಲಿನ ಗುಂಡಿ ಎಲ್ಲಿ ಬಿತ್ತು ಅಂತ ಗೊತ್ತಿಲ್ವಾ?" ಎಂದಳು ಗುಂಡಿಯಮ್ಮ.

"ಇಲ್ಲಿಂದ ನೋಡಿದ್ರೆ ಗೊತ್ತಾಗೋದಿಲ್ಲಮ್ಮಾ."

'ಇಲ್ಲಿಂದ ನೋಡಿದರೆ' ಎಂಬುದು ಆತನ ಮಾತಿನ ಚಾಳಿ. ಮಳೆ ಬರುತ್ತದೆಯೇ ಎಂದು ಕೇಳಿದರೆ ಇಲ್ಲಿಂದ ನೋಡಿದರೆ ಇಲ್ಲ. ಊಟ ಹೇಗಿತ್ತು ಎಂದರೆ ಇಲ್ಲಿಂದ ನೋಡಿದರೆ ಪರವಾಗಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಲೋಕ ಬೇರೆಯೇ ಇದ್ದೀತು, ಅದಕ್ಕೆ ತಾನು ಜವಾಬ್ದಾರನಲ್ಲ ಎಂಬ ಎಚ್ಚರ ಆ ಮಾತಿನಲ್ಲಿತ್ತು. ಮಧ್ಯಾಹ್ನ ಆತ ಕೆಳಗಿನ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತು ಡಬ್ಬಿ ಬಿಚ್ಚುತ್ತಿದ್ದ, ಆಮೇಲೆ ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆಯುತ್ತಿದ್ದ. ಆತನ ಫೋನು ರಿಂಗಣಿಸಿದರೆ ಅದು ದಾರಿ ಕೇಳುವವರದ್ದೇ. ನೀನು ಉಂಡೆಯಾ, ಮನೆಗೆ ಎಷ್ಟು ಹೊತ್ತಿಗೆ ಬರುತ್ತೀ ಎಂದು ಯಾರೂ ಕೇಳುತ್ತಿರಲಿಲ್ಲ ಎಂಬುದನ್ನು, ತನ್ನ ಫೋನಿನದ್ದೂ ಅದೇ ಪಾಡಾದ್ದರಿಂದ, ಗುಂಡಿಯಮ್ಮ ಬೇಗನೆ ಅರ್ಥ ಮಾಡಿಕೊಂಡಳು. ಒಬ್ಬರು ಮೆಟ್ಟಿಲ ಮೇಲೆ, ಇನ್ನೊಬ್ಬರು ಮೆಟ್ಟಿಲ ಕೆಳಗೆ. ಮುಖ ನೋಡುವಂತಿಲ್ಲ, ಕೆಮ್ಮಿದರೆ ಕೇಳಿಸುತ್ತದೆ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಒಂದು ಚಿತ್ರ ಬರೆದು ಮುಗಿಸುವುದಕ್ಕೆ ಇಷ್ಟು ದಿನ ಏಕೆ ಎಂದು ಆಕೆ ಒಮ್ಮೆ ಕೇಳಿದ್ದಕ್ಕೆ ಆತ, ಆಕೆ ಊಹಿಸಿಯೇ ಇರದಷ್ಟು, ಮಾತಾಡಿದ. ಅಂಗಡಿಗಳ ಜಾಗ ಗೊತ್ತು ಮಾಡುವುದು ಕಾಲಿನ ಕೆಲಸ, ಅದು ಮುಗಿಯುತ್ತದೆ. ಅದನ್ನು ಯಾವ ಬಗೆಯ ಫೈಲಿನಲ್ಲಿ ಕಟ್ಟಿಡಬೇಕು ಎನ್ನುವುದೇ ತಲೆನೋವು. ಸಂಘದ ಅಧ್ಯಕ್ಷರಿಗೆ ಬಣ್ಣಬಣ್ಣದ ಚಿತ್ರ ಬೇಕು. ಚಿತ್ರ ನೋಡಲು ಚೆಂದ, ಆದರೆ ಬೆರಳಿನಿಂದ ಹಿಗ್ಗಿಸಿದರೆ ಹಿಂಜಿದ ಹತ್ತಿಯಾಗುತ್ತದೆ. "ಚಿತ್ರಕ್ಕೆ ಬಣ್ಣ ಒಂದೇ ಗೊತ್ತಮ್ಮಾ. ಇಲ್ಲಿ ಕೆಂಪು, ಇಲ್ಲಿ ನೀಲಿ, ಅಷ್ಟೆ. ಆ ಕೆಂಪು ಒಂದು ಅಂಗಡಿ, ಒಳಗೆ ಒಬ್ರು ಕೂತಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ." ಪಿಡಿಎಫ್ ಮಾಡಿದರೆ ಮುದ್ರಿಸಿ ಗೇಟಿನಲ್ಲಿ ತೂಗುಹಾಕಲು ಸರಿ, ಅಂಗೈಯಗಲದ ಫೋನಿನಲ್ಲಿ ಅದನ್ನು ಅತ್ತಿತ್ತ ಎಳೆದಾಡಬೇಕು. ಶೇಪ್‌ಫೈಲ್ ಎಂಬುದೊಂದಿದೆ, ಹಳೆಯ ಕಾಲದ್ದು, ಒಂದೇ ಹೆಸರಿನ ಹಲವು ಫೈಲುಗಳ ಅವಿಭಕ್ತ ಕುಟುಂಬ. ಕಳಿಸುವಾಗ ಅದರಲ್ಲೊಬ್ಬ ತಪ್ಪಿಸಿಕೊಂಡರೆ ಉಳಿದವರಿಗೆಲ್ಲ ಬಾಯಿ ಕಟ್ಟುತ್ತದೆ. ಹಿಂದೊಮ್ಮೆ ಇನ್ನೊಂದು ಪೇಟೆಯಲ್ಲಿ ಅದನ್ನು ನಂಬಿ, ನಮ್ಮ ಅಕ್ಷರ ಅದಕ್ಕೆ ಅರಗದೆ, ಕ್ಷೌರಿಕನ ಅಂಗಡಿಯ ಹೆಸರಿದ್ದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದವಂತೆ. ಕ್ಷೌರಿಕ ಅದನ್ನು ನೋಡಿ, ಇಷ್ಟು ವರ್ಷ ಕತ್ತರಿ ಆಡಿಸಿದ ಮೇಲೂ ನಾನು ಯಾರು ಅಂತ ಕೇಳ್ತೀರಾ ಎಂದನಂತೆ.

ಆತನ ಮನಸ್ಸಿದ್ದದ್ದು ಜಿಯೋಜೇಸನ್ ಎಂಬ ಬಗೆಯ ಮೇಲೆ. ಅದರಲ್ಲಿ ಬಣ್ಣವಿಲ್ಲ, ಬೆಡಗಿಲ್ಲ, ಬರೀ ಬರಹ: ಇಂಥ ಅಂಗಡಿ, ಇಂಥ ಅಂತಸ್ತು, ಬಾಗಿಲಿರುವ ನೆಲೆಗೆ ಎರಡು ಅಂಕಿ. ಯಾವ ಯಂತ್ರದಲ್ಲಾದರೂ ತೆರೆಯಬಹುದು, ತಾನು ಇಲ್ಲದ ಕಾಲಕ್ಕೂ ಯಾರಾದರೂ ಓದಿ ತಿದ್ದಬಹುದು. ಮೇಲಂತಸ್ತಿಗೊಂದು ಫೈಲು, ಕೆಳಗಿನದಕ್ಕೊಂದು. ಒಂದರ ಮೇಲೊಂದು ಹಾಸಿ, ಬೇಕಾದದ್ದನ್ನು ತೋರಿಸಿ, ಬೇಡದ್ದನ್ನು ಮರೆಸಿ ಇಡಬಹುದು. ಕೋಟಿಗೆ ಲೈನಿಂಗ್ ಕೊಟ್ಟ ಹಾಗೆ ಎಂದಳು ಗುಂಡಿಯಮ್ಮ. ಹಾಗೇ ಎಂದ ಭೂಪಟ. ಚಿತ್ರದಲ್ಲಾದರೆ ಮೆಟ್ಟಿಲು ಬರೆದ ಮೇಲೆ ಮೆಟ್ಟಿಲ ಕೆಳಗಿನದ್ದು ಅಳಿದಂತೆಯೇ ಲೆಕ್ಕ. ಇದರಲ್ಲಿ ಮೆಟ್ಟಿಲೂ ಇರುತ್ತದೆ, ಕೆಳಗೆ ನೀವೂ ಇರುತ್ತೀರಿ. ಅಲ್ಲಿಗೆ, ತನ್ನ ಹಲಗೆ ಉಳಿಯುವುದೂ ಅಳಿಯುವುದೂ ಈ ಮನುಷ್ಯ ಯಾವ ಫೈಲು ಆರಿಸುತ್ತಾನೆ ಎನ್ನುವುದರ ಮೇಲೆ ನಿಂತಿದೆ ಎಂದು ಆಕೆಗೆ ತಿಳಿದುಹೋಯಿತು. ಆರಿಸುವವನು ಆತನಲ್ಲ, ಸಂಘ, ಎಂಬುದೂ ತಿಳಿಯಿತು.

ಸಂಘದ ಅಧ್ಯಕ್ಷರು ಪರದೆ ಬಟ್ಟೆಯ ವ್ಯಾಪಾರಿ. ಅವರ ಭಾಮೈದ ಚಿತ್ರ ಬರೆಯುವುದರಲ್ಲಿ ಪಳಗಿದವನು, ಮೆಟ್ಟಿಲಿಗೆ ಕೆಂಪು ಜಮಖಾನ ಹಾಸಿದಂತೆ ಬರೆದು ಆಗಲೇ ತೋರಿಸಿದ್ದ. ಆದರೂ ಭೂಪಟನದ್ದನ್ನೂ ನೋಡಿಬಿಡೋಣ ಎಂದು ಒಂದು ಬೆಳಗ್ಗೆ ಮೇಲಂತಸ್ತಿನ ಅಧ್ಯಕ್ಷರ ಅಂಗಡಿಯಲ್ಲೇ ಎಲ್ಲರೂ ಸೇರಿದರು. ಬಿಳಿಯ ಪರದೆಯೊಂದನ್ನು ಇಳಿಬಿಟ್ಟು ಅದರ ಮೇಲೆ ನಕ್ಷೆ ಬೀಳುವಂತೆ ಮಾಡಿದ್ದರು. ಗುಂಡಿಯಮ್ಮ ಹಿಂದಿನ ಸಾಲಿನಲ್ಲಿ ಬಟ್ಟೆಯ ಥಾನುಗಳ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಭೂಪಟ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಪರದೆಯ ತುಂಬ ನೀಲಿ. ಇನ್ನೊಮ್ಮೆ ಒತ್ತಿದ, ಇನ್ನಷ್ಟು ನೀಲಿ. ಆ ನೀಲಿಯ ನಡುವೆ, ನೆಲವೆಂಬುದರ ಸುಳಿವೇ ಇಲ್ಲದಲ್ಲಿ, ಮಾರುಕಟ್ಟೆಯ ಅಂಗಡಿಗಳೆಲ್ಲ ಒಂದನ್ನೊಂದು ತಬ್ಬಿಕೊಂಡಂತೆ ಗುಂಪಾಗಿ ತೇಲುತ್ತಿದ್ದವು. ಫ್ಯಾನಿನ ಗಾಳಿಗೆ ಪರದೆ ಅಲುಗಿದಾಗ ಸಮುದ್ರಕ್ಕೆ ಅಲೆಯೂ ಬಂತು.

ಚೀಲದಂಗಡಿಯವನು, ಇನ್ನು ಮೇಲೆ ಎಲ್ಲರೂ ಮೀನಿನ ವ್ಯಾಪಾರ ಶುರು ಮಾಡಬೇಕು ಎಂದ. ಅಧ್ಯಕ್ಷರು ಕನ್ನಡಕ ಏರಿಸಿಕೊಂಡು, "ಸ್ವಾಮೀ, ನನ್ನ ಅಂಗಡಿ ಎಷ್ಟು ಆಳದಲ್ಲಿದೆ?" ಎಂದು ಕೇಳಿದರು. ನಗೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿತು. ಭೂಪಟ ನಿಂತಲ್ಲೇ ವಿವರಿಸತೊಡಗಿದ: ಯಂತ್ರ ಹಿಡಿದು ನಡೆಯುವವರು ಉತ್ತರ ದಕ್ಷಿಣದ ಅಂಕಿಯನ್ನು ಮೊದಲು ಹೇಳುತ್ತಾರೆ, ಪೂರ್ವ ಪಶ್ಚಿಮದ್ದನ್ನು ಆಮೇಲೆ, ಈ ಫೈಲಿಗೆ ಅದು ಅದಲುಬದಲಾಗಬೇಕು, ನಡೆದು ನಡೆದು ಅಭ್ಯಾಸವಾದ ಕೈ ಹಳೆಯ ಕ್ರಮದಲ್ಲೇ ಬರೆದುಬಿಟ್ಟಿದೆ, ಅಂಗಡಿಗಳಿಗೇನೂ ಆಗಿಲ್ಲ, ಒಂದಿಷ್ಟು ಹೊತ್ತು ಕೊಟ್ಟರೆ ಎಲ್ಲವನ್ನೂ ದಡಕ್ಕೆ ತರುತ್ತೇನೆ. ಅದೆಲ್ಲ ನಿಜ. ಆದರೆ ನಗುವವರ ಎದುರು ಹೇಳಿದ ನಿಜಕ್ಕೆ ಬೆಲೆಯಿರಲಿಲ್ಲ. ಹೇಳುತ್ತ ಹೇಳುತ್ತ ಆತನ ಕೈ ಕೋಟಿನ ಎದೆಗೆ ಹೋಗಿ ಗುಂಡಿಯನ್ನು ಹುಡುಕಿತು, ದಾರ ಸಿಕ್ಕಿತು, ಅದನ್ನೇ ಹಿಡಿದುಕೊಂಡಿತು. ಆಯ್ತು ಬಿಡಿ, ನಿಮಗೂ ಶ್ರಮವಾಯ್ತು ಎಂದು ಅಧ್ಯಕ್ಷರು ಎದ್ದರು. ಚಿತ್ರವೇ ಇರಲಿ ಎಂದು ತೀರ್ಮಾನವಾಯಿತು.

ಚಿತ್ರ ಬಂತು. ಕೆಂಪು ಜಮಖಾನದ ಮೆಟ್ಟಿಲು ಬಹಳ ಗಂಭೀರವಾಗಿ ಮೂಡಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಮರುದಿನ ಗುಂಡಿಯಮ್ಮ ಬರುವಷ್ಟರಲ್ಲಿ ಚೀಲದ ಗಂಟೊಂದು ಆಕೆಯ ಹಲಗೆಯ ಅಂಚಿಗೆ ಒರಗಿ ನಿಂತಿತ್ತು. ಅದನ್ನು ದೂಡುವಷ್ಟು ಬಲ ಆಕೆಯ ತೋಳಿನಲ್ಲಿರಲಿಲ್ಲ, ಜಗಳವಾಡುವಷ್ಟು ಬಲ ಗಂಟಲಿನಲ್ಲಿರಲಿಲ್ಲ. ಸಂಜೆ ಮನೆಯಲ್ಲಿ ನಾದಿನಿ, ಆ ಕೋಟಿನವನು ಇವತ್ತೂ ಬಂದಿದ್ದನಾ ಎಂದು ಕೀಟಲೆ ಮಾಡಿದಳು; ಇಲ್ಲ ಎಂದು ಆಕೆ ಕಿರುಚಿ ಹೇಳಬೇಕಾಯಿತು. ಆ ಇಲ್ಲ ಎನ್ನುವುದು ತನ್ನ ಕಿವಿಗೇ ಜೋರಾಗಿ ಕೇಳಿಸಿತು.

ಕೆಲವು ದಿನಗಳ ಮೇಲೆ ತಲೆಯ ಮೇಲಿನ ಮೆಟ್ಟಿಲಲ್ಲಿ ಪರಿಚಿತವಾದ ಸದ್ದು: ಒಂದಿಷ್ಟು ಹೆಜ್ಜೆ, ನಿಲುಗಡೆ, ಮತ್ತೊಂದಿಷ್ಟು ಹೆಜ್ಜೆ. ಸಂಘದ ಗುರುತಿನ ಚೀಟಿ ಹಿಂದಿರುಗಿಸಿ ಇಳಿದು ಬಂದ ಭೂಪಟ, ಪರದೆಯ ಎದುರು ನಿಂತು, ಕೋಟನ್ನು ತೆಗೆದು ಹಲಗೆಯ ಮೇಲೆ ಇಟ್ಟ. ಕೋಟಿಲ್ಲದ ಆತ ನೀರಿನಲ್ಲಿ ತೊಯ್ದ ಹಕ್ಕಿಯಂತೆ ಸಣ್ಣಗಾಗಿದ್ದ. ಭುಜಗಳು ಅಷ್ಟು ಕಿರಿದಾಗಿದ್ದವೆಂದು ಆಕೆಗೆ ಗೊತ್ತೇ ಇರಲಿಲ್ಲ. ಗುಂಡಿ ಸಿಕ್ಕಿತೇ ಎಂದು ಆಕೆ ಕೇಳಲಿಲ್ಲ. ಪೆಟ್ಟಿಗೆ ತೆರೆದು, ಕಂದು ಬಣ್ಣದವನ್ನೆಲ್ಲ ಅಂಗೈ ಮೇಲೆ ಹರಡಿ, ಬೆಳಕಿಗೆ ಹಿಡಿದು, ಉಳಿದವುಗಳಿಗಿಂತ ಒಂದಿಷ್ಟೇ ತಿಳಿಯಾದ ಒಂದನ್ನು ಆರಿಸಿದಳು. ಸರಿಯಾಗಿ ಹೊಂದುವುದಿಲ್ಲ ಎಂದಳು. ಇರಲಿ ಎಂದ. ಆಕೆ ಹೊಲಿಯುತ್ತಿರುವಾಗ, ಕೇಳದಿದ್ದರೂ, ಆತನೇ ಹೇಳಿದ:

"ನಮ್ಮಕ್ಕಂಗೆ ಒಂದು ಕಾಲು ಸರಿ ಇರ್ಲಿಲ್ಲಮ್ಮಾ. ಜೊತೇಲಿ ಹೊರಟ್ರೆ ನಾನು ಮುಂದೆ ಹೋಗಿಬಿಡ್ತಿದ್ದೆ. ನಿಂತು ತಿರುಗಿ ನೋಡ್ತಿದ್ದೆ, ಬರ್ತಾ ಇರೋಳು. ಈಗ ತಿರುಗಿದ್ರೆ ದಾರಿ ಒಂದೇ ಕಾಣುತ್ತೆ. ಹೆಂಗೂ ತಿರುಗಿರ್ತೀನಲ್ಲ, ಅದನ್ನೇ ನೋಡ್ಕೊಳ್ತೀನಿ."

ಗುಂಡಿಯಮ್ಮ ದಾರವನ್ನು ಹಲ್ಲಿನಿಂದ ಕಡಿದಳು. ಕೋಟನ್ನು ಕೊಡವಿ ತಿರುಗಿಸಿ ಹಿಡಿದು, ತೋಳು ತೂರಿಸಿಕೊಳ್ಳಲು ಅನುಕೂಲವಾಗುವಂತೆ ನಿಂತಳು, ಎಷ್ಟೋ ವರ್ಷಗಳಿಂದ ಯಾರಿಗೂ ಹಾಗೆ ಹಿಡಿದಿರಲಿಲ್ಲ.

ಮುಂದಿನದ್ದನ್ನು ಮಾಡಿದವರು ಅಧ್ಯಕ್ಷರೂ ಅವರ ಜೊತೆ ಅದೇ ಅಂಗಡಿ ನಡೆಸುತ್ತಿದ್ದ ತಮ್ಮನೂ. ಚಿತ್ರ ಬಂದು ತಿಂಗಳು ತುಂಬುವ ಮೊದಲೇ ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆದು ಪರದೆಯಂಗಡಿ ಎರಡು ಪಾಲಾಯಿತು. ನಡುವೆ ಹಲಗೆಯ ಗೋಡೆ ಎದ್ದಿತು, ಎರಡು ಬಾಗಿಲು, ಎರಡು ಬೋರ್ಡು. ಚಿತ್ರದಲ್ಲಿ ಮಾತ್ರ ಒಂದೇ ಅಂಗಡಿ, ಅಣ್ಣನ ಹೆಸರು. ತಮ್ಮ ತನ್ನದನ್ನೂ ಬರೆಯಿರಿ ಎಂದ. ಭಾಮೈದ, ಭಾವನ ಉಪ್ಪು ತಿಂದ ಕೈಯಲ್ಲಿ ಅವರ ವೈರಿಯ ಅಂಗಡಿ ಬರೆಯಲಾರೆ ಎಂದು ಕುಂಚ ಕೆಳಗಿಟ್ಟ. ತಮ್ಮ ಸಂಘದಲ್ಲಿ ಅರ್ಧ ಜನರನ್ನು ತನ್ನ ಕಡೆ ಮಾಡಿಕೊಂಡ. ಅಷ್ಟರಲ್ಲಿ ಚಪ್ಪಲಿಯವರು ಎದುರು ಸಾಲಿಗೆ ಜಾಗ ಬದಲಿಸಿದರು, ಅವರನ್ನು ಹುಡುಕಿಕೊಂಡು ಬಂದವರು ಗಡಿಯಾರದವರ ಹತ್ತಿರ ಚಪ್ಪಲಿ ಕೇಳತೊಡಗಿದರು. ಕೊನೆಗೆ, ಆ ಸಮುದ್ರದ ಮನುಷ್ಯನನ್ನೇ ಕರೆಸಿ ಎಂದು ಅಧ್ಯಕ್ಷರು, ಯಾರ ಮುಖವನ್ನೂ ನೋಡದೆ, ಅಪ್ಪಣೆ ಕೊಡಿಸಿದರು.

ಭೂಪಟ ಬಂದ. ಗೆದ್ದವರ ಗತ್ತು ಆತನ ಹತ್ತಿರವೂ ಸುಳಿದಿರಲಿಲ್ಲ. ಮೊದಲು ಹೋಗಿ ಅಣ್ಣನ ಬಾಗಿಲಿಗೊಮ್ಮೆ, ತಮ್ಮನ ಬಾಗಿಲಿಗೊಮ್ಮೆ ಅಂಗೈ ಮುಟ್ಟಿಸಿ ಬಂದ. ಒಂದು ಚುಕ್ಕೆಯಿದ್ದಲ್ಲಿ ಎರಡು ಮಾಡಿದ, ಚಪ್ಪಲಿಯವರನ್ನು ಎದುರು ಸಾಲಿಗೆ ದಾಟಿಸಿದ, ಎಲ್ಲ ಅಂಕಿಗಳನ್ನೂ ಅದಲುಬದಲು ಮಾಡಿದ. ಮತ್ತೆ ಅದೇ ಬಿಳಿ ಪರದೆ ಇಳಿಯಿತು. ಈ ಸಲ ಅದರ ಮೇಲೆ ನೆಲ ಬಂತು, ರಸ್ತೆ ಬಂತು, ಮಾರುಕಟ್ಟೆಯ ಚಾವಣಿ ಬಂತು, ಬಾಗಿಲು ಬಾಗಿಲಿಗೂ ಚುಕ್ಕೆ ಕೂತಿತು. ಮೇಲಂತಸ್ತನ್ನು ಮರೆಸಿದಾಗ ಕೆಳಗಿನದು ಮೂಡಿತು. ಪರದೆಯ ಮಡಿಕೆಯೊಂದರ ಮೇಲೆ ಬಿದ್ದ ಅಕ್ಷರಗಳನ್ನು ಗುಂಡಿಯಮ್ಮ ಒಂದೊಂದಾಗಿ ಕೂಡಿಸಿ ಓದಿದಳು: ಗುಂಡಿಯಮ್ಮ, ಮೆಟ್ಟಿಲ ಕೆಳಗೆ, ಪಕ್ಕದ ಗೇಟಿನಿಂದ ಹತ್ತಿರ. ಓದಿ ಮುಗಿಸುವಷ್ಟರಲ್ಲಿ ಸಭೆ ಮುಂದಿನ ಅಂಗಡಿಗೆ ಹೋಗಿತ್ತು. ಆಕೆ ಮಾತ್ರ ಇನ್ನೊಮ್ಮೆ ಮೊದಲಿಂದ ಓದಿಕೊಂಡಳು.

ಒಂದು ಬೆಳಗ್ಗೆ ಹುಡುಗಿಯೊಬ್ಬಳು ಫೋನನ್ನು ದೀಪದಂತೆ ಮುಂದೆ ಹಿಡಿದು, ಪಕ್ಕದ ಗೇಟಿನಿಂದ ಯಾರನ್ನೂ ಕೇಳದೆ ನೇರವಾಗಿ ಬಂದು, ಪರದೆಯ ಮುಂದೆ ನಿಂತು, ನೀವು ನಿಜವಾಗಿಯೂ ಇಲ್ಲೇ ಇದ್ದೀರಾ ಎಂದಳು. "ಇಲ್ಲೇ ಇದ್ದೀನಿ ಕಣಮ್ಮಾ, ಬಹಳ ಕಾಲದಿಂದ," ಎಂದು ಗುಂಡಿಯಮ್ಮ ಆಕೆಯ ಕೈಯಿಂದ ಕಿತ್ತುಹೋದ ಜಿಪ್ಪಿನ ಚೀಲವನ್ನು ಇಸಿದುಕೊಂಡಳು. ಅದು ಪಕ್ಕದ ಅಂಗಡಿಯಲ್ಲೇ ಕೊಂಡ ಚೀಲವಾಗಿತ್ತು. ಅಂಥವರು ಒಬ್ಬರ ಹಿಂದೊಬ್ಬರು ಬಂದರು. ವರ್ಷದ ಕೊನೆಯ ಸಭೆಯಲ್ಲಿ ಮೆಟ್ಟಿಲ ಕೆಳಗಿನ ಜಾಗದ ಮಾತು ಏಳಲಿಲ್ಲ. ಹಲಗೆಗೆ ಒರಗಿದ್ದ ಗಂಟನ್ನು ಚೀಲದಂಗಡಿಯವನು, ಅಲ್ಲಿ ಅದು ಎಂದೂ ಇರಲೇ ಇಲ್ಲವೆಂಬಂತೆ, ಒಳಗೆ ಎಳೆದುಕೊಂಡ.

ಭೂಪಟ ಅದಕ್ಕೆ ಮೊದಲೇ ಹೊರಟ. ಬೇರೊಂದು ಪೇಟೆ ಕರೆದಿತ್ತು, ಅಲ್ಲಿಯೂ ಬಾಗಿಲುಗಳಿದ್ದವು. ಈಗ ಮಧ್ಯಾಹ್ನ ಕೆಳಗಿನ ಮೆಟ್ಟಿಲ ಮೇಲೆ ಯಾರೂ ಕೆಮ್ಮುವುದಿಲ್ಲ. ಮೆಟ್ಟಿಲಲ್ಲಿ ಯಾರಾದರೂ ಅರ್ಧಕ್ಕೆ ನಿಂತರೆ ಗುಂಡಿಯಮ್ಮನ ಸೂಜಿಯೂ ನಿಲ್ಲುತ್ತದೆ. ಅವರು ಚಪ್ಪಲಿ ಸರಿಮಾಡಿಕೊಂಡು ಹೋದ ಮೇಲೆ ಮತ್ತೆ ಹೊರಡುತ್ತದೆ. ಕೆಲಸ ತುಂಬ ಬಂದಿದೆ. ಬಂದವರೆಲ್ಲ ಫೋನು ನೋಡುತ್ತ ಬಂದು ಫೋನು ನೋಡುತ್ತ ಹೋಗುತ್ತಾರೆ, ಕೂತು ಮಾತಾಡುವವರಿಲ್ಲ. ಒಮ್ಮೊಮ್ಮೆ ಆಕೆ ಎಲಾಸ್ಟಿಕ್ಕು ಅಳೆಯುವಾಗ ಹಲಗೆಯ ಗೀರುಗಳ ಮೇಲೆ ಬೆರಳಾಡಿಸುತ್ತಾಳೆ.

ಊರಿಗೆಲ್ಲ ನೆಲೆ ತೋರಿಸಿಕೊಡುವ ಇಂಥ ಜನ ಎಲ್ಲ ಪೇಟೆಗಳಲ್ಲೂ ಒಬ್ಬೊಬ್ಬರು ಇದ್ದೇ ಇರುತ್ತಾರೆ. ಅವರು ಪ್ರತಿಯೊಂದು ಬಾಗಿಲನ್ನೂ ಮುಟ್ಟುತ್ತಾರೆ, ಯಾವ ಬಾಗಿಲಿನ ಒಳಗೂ ಕೂರುವುದಿಲ್ಲ. ಜನರ ನಗೆಯನ್ನು ಕೋಟಿನ ಧೂಳಿನಂತೆ ಕೊಡವಿಕೊಂಡು ಮರಳಿ ಕೆಲಸಕ್ಕೆ ಬರುತ್ತಾರೆ. ಅವರ ಹಟವನ್ನು ನಾವು ಕಸುಬಿನ ಹಟವೆಂದೇ ತಿಳಿದಿರುತ್ತೇವೆ, ಅದರ ತಳದಲ್ಲಿ ಯಾರದೋ ನಿಧಾನವಾದ ಹೆಜ್ಜೆಯಿದೆಯೆಂದು ನಮಗೆ ಹೊಳೆಯುವುದಿಲ್ಲ. ತಮಗಾಗಿ ಅವರು ಏನನ್ನೂ ಕೇಳುವುದಿಲ್ಲ. ಎಂದಾದರೂ ಕೇಳಿದರೆ, ಅದು ಎಷ್ಟು ಸಣ್ಣದಾಗಿರುತ್ತದೆಂದರೆ, ಕೊಡುವವರ ಕೈಗೆ ಇಷ್ಟೇನಾ ಎಂದು ನೋವಾಗುತ್ತದೆ.

ಹೊರಡುವ ದಿನ ಆತ ಪರದೆಯ ಪಕ್ಕ ನಿಂತು, ಕೋಟಿನ ತಿಳಿಯಾದ ಗುಂಡಿಯನ್ನು ಹಾಕುತ್ತ ತೆಗೆಯುತ್ತ, ಬಹಳ ಹೊತ್ತು ಹಲಗೆಯನ್ನೇ ನೋಡಿದ. ಆಮೇಲೆ ಹೇಳಿದ್ದಿಷ್ಟು. ಗುಂಡಿಯಮ್ಮ ಬರುವುದಕ್ಕೆ ಮುಂಚೆ, ಎಷ್ಟೋ ಮುಂಚೆ, ಈ ಮೆಟ್ಟಿಲ ಕೆಳಗೆ ಆತನ ಅಕ್ಕ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದಳು. ಹಳದಿ ಹನಿಗಳು ಆಕೆಯ ಅಂಟು, ಗೀರುಗಳು ಆಕೆಯ ಚೂರಿಯವು. ಸಂಜೆ ಆಕೆಯನ್ನು ಮನೆಗೆ ಕರೆದೊಯ್ಯಲು ಆತ ಇದೇ ಓಣಿಯಲ್ಲಿ ಬರುತ್ತಿದ್ದ, ಇದೇ ಓಣಿಯಲ್ಲಿ ಮುಂದೆ ನಡೆದು ತಿರುಗಿ ನೋಡುತ್ತಿದ್ದ. ತಾನು ನಕ್ಷೆ ಮಾಡಿದ ಎಲ್ಲ ಪೇಟೆಗಳಲ್ಲೂ ಮುಚ್ಚಿಹೋದ ಅಂಗಡಿಗಳಿಗೆಂದು ಆತ ಒಂದು ಬೇರೆ ಪದರ ಇಡುತ್ತಾನಂತೆ, ಯಾರಿಗೂ ತೋರಿಸದೆ ಮರೆಸಿ ಇಟ್ಟ ಪದರ. ಈ ಮಾರುಕಟ್ಟೆಯದರಲ್ಲಿ ಆತ ಹಾಕಿದ್ದು ಒಂದೇ ಒಂದು ಚುಕ್ಕೆ, ಅಕ್ಕನದು. ಅದರ ಅಂಕಿಗಳೂ ಗುಂಡಿಯಮ್ಮನ ಚುಕ್ಕೆಯ ಅಂಕಿಗಳೂ ಒಂದೇ. ಜಾಗ ಈಗ ಆಕೆಯದು, ಆಕೆಯನ್ನು ಕೇಳದೆ ಅದನ್ನು ಅಲ್ಲಿ ಬಿಟ್ಟು ಹೋಗುವುದು ಸರಿಯಲ್ಲವೆಂದು ಕೇಳಲು ಬಂದಿದ್ದ. ಇಲ್ಲಿಂದ ನೋಡಿದರೆ ಎಂದು ಆತ ಅಂದು ಹೇಳಲಿಲ್ಲ. ಕಂಬದ ಮೇಲೆ ಅಂಗೈ ಇಟ್ಟುಕೊಂಡು, ಕೇಳಿದ್ದು ಇಷ್ಟೇ:

"ಅಮ್ಮಾ, ನಿಮ್ಮ ಚುಕ್ಕೆ ಕೆಳಗೆ ಅವಳದೂ ಒಂದು ಇರ್ಲಾ? ಕಾಣೋದಿಲ್ಲ. ಇರುತ್ತೆ, ಅಷ್ಟೆ."